ಯಮುನಾ ತೆಗೆದ ಸಾಲು

ರಾಮಮೂರ್ತಿ ನಗರದ ಯಮುನಾಳಿಗೆ ಶಾಲೆಯ ಆಫೀಸಿನಲ್ಲಿ ಊಟ ಸೇರುತ್ತಿರಲಿಲ್ಲ. ಮನೆಯಲ್ಲಿ ಅವಳಮ್ಮ ಬೆಳಗ್ಗೆ ಎದ್ದು ಮಾಡಿಕೊಟ್ಟ ಚಿತ್ರಾನ್ನವೇ. ಮಾಡಿದ್ದರಲ್ಲಿ ಏನೂ ತಪ್ಪಿಲ್ಲ. ಆದರೂ ಡಬ್ಬಿ ತೆರೆದರೆ ಒಂದು ತುತ್ತೂ ಇಳಿಯುತ್ತಿರಲಿಲ್ಲ. ಯಾಕೆ ಅಂತ ಹೇಳಬೇಕಾದರೆ ಕೆಂಪರಾಜ್ ಅವರ ಕಾರಿನ ಕೀಲಿಯಿಂದಲೇ ಶುರುಮಾಡಬೇಕು.

ಕೆಂಪರಾಜ್ ಆ ಶಾಲೆಯ ಕಾರ್ಯದರ್ಶಿ. ಶಾಲೆಯ ಹೆಸರು ಬೇಡ ಬಿಡಿ, ಹೇಳಿದರೆ ಅದೂ ಒಂದು ಜಾಹೀರಾತಾಗುತ್ತದೆ. ಅವರು ಯಮುನಾಳ ಕುರ್ಚಿಯ ಹಿಂದೆ ಬಂದು ನಿಂತು, ಕೀಲಿಯ ತುದಿಯಿಂದ ಕಿವಿ ಕೆರೆದುಕೊಂಡು, ಅದೇ ತುದಿಯನ್ನು ಕಂಪ್ಯೂಟರ್ ಪರದೆಗೆ ಒತ್ತಿ, "ಇದು ತೆಗಿ, ಇಲ್ಲಿ ಇದು ಹಾಕು" ಅನ್ನುತ್ತಿದ್ದರು. ಅವರು ಹೋದ ಮೇಲೆ ಪರದೆಯ ಮೇಲೆ ಹಳದಿ ಚುಕ್ಕೆ ಉಳಿಯುತ್ತಿತ್ತು. ಇವಳು ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಿಂದ ಹತ್ತಿ ತೆಗೆದು, ಸ್ಪಿರಿಟ್ ಹಾಕಿ ಒರೆಸುತ್ತಿದ್ದಳು. ಒರೆಸಿದ ಹತ್ತಿಯನ್ನು ಎರಡು ಬೆರಳಲ್ಲಿ ಹಿಡಿದು ಬುಟ್ಟಿಗೆ ಹಾಕಿ, ಕೈ ತೊಳೆದು ಬಂದು, ಮತ್ತೆ ಡಬ್ಬಿ ಮುಚ್ಚಿಡುತ್ತಿದ್ದಳು.

ಕೀಲಿಯ ಕೊಳೆಯಾದರೂ ಸ್ಪಿರಿಟ್ಟಿಗೆ ಹೋಗುತ್ತಿತ್ತು. ಅವರು ಹಾಕಿಸುತ್ತಿದ್ದ ಮಾತು ಹೋಗುತ್ತಿರಲಿಲ್ಲ.

ಯಮುನಾ ಮೊದಲು ಕೆಲಸ ಕಲಿತದ್ದು ಶಿವಾಜಿನಗರದಲ್ಲಿ, ಹಬೀಬ್ ಸಾಹೇಬರ ಪ್ರೆಸ್ಸಿನಲ್ಲಿ. ತೊಂಬತ್ತೈದರಿಂದ ಎಂಟು ವರ್ಷ ಮದುವೆ ಕಾರ್ಡು, ಬಿಲ್ ಪುಸ್ತಕ, ಪೋಸ್ಟರು ಜೋಡಿಸಿದವಳು. ಒಮ್ಮೆ ಮುಹೂರ್ತದ ವಾರ ತಪ್ಪಾಗಿ ಅಚ್ಚಾಗಿ, ಆರುನೂರು ಕಾರ್ಡಿಗೆ ಚೀಟಿ ಅಂಟಿಸುತ್ತ ಇಡೀ ಭಾನುವಾರ ಕೂತಿದ್ದಳು. ಸಾಹೇಬರೂ ಪಕ್ಕದಲ್ಲೇ ಕೂತು ಅಂಟಿಸಿದರು. ಅಚ್ಚಾದದ್ದನ್ನು ಬದಲಾಯಿಸಿದರೆ ಬದಲಾಯಿಸಿದ್ದು ಲೋಕಕ್ಕೆ ಕಾಣಬೇಕು, ಅದೇ ಅವಳಿಗೆ ಗೊತ್ತಿದ್ದ ಲೆಕ್ಕ. ಪ್ರೆಸ್ಸು ಮುಚ್ಚಿದ ಮೇಲೆ ಈ ಶಾಲೆಗೆ ಬಂದಳು.

ಎರಡು ಸಾವಿರದ ಏಳರಲ್ಲಿ ಶಾಲೆಗೆ ಹೊಸ ವೆಬ್‌ಸೈಟ್ ಬಂತು. ಪಾಸ್‌ವರ್ಡ್ ಕೊಟ್ಟು ಒಳಗೆ ಹೋದರೆ ಪುಟ ಎಲ್ಲರಿಗೂ ಕಾಣುವ ಹಾಗೇ ಕಾಣುತ್ತದೆ. ಆದರೆ ಒಂದೊಂದು ಸಾಲಿನ ಪಕ್ಕದಲ್ಲೂ ಪುಟ್ಟ ಪೆನ್ಸಿಲ್ಲಿನ ಚಿತ್ರ. ಅದನ್ನು ಒತ್ತಿದರೆ ಆ ಸಾಲೇ ಪೆಟ್ಟಿಗೆಯಾಗಿ ಬಾಯಿ ಬಿಡುತ್ತದೆ. ಪುಟ ಓದುತ್ತ ಓದುತ್ತಲೇ, ಅಲ್ಲೇ, ಅದರ ಮೈಮೇಲೇ ತಿದ್ದಬಹುದು. ಅಂಟಿಸಿದ ಗುರುತಿಲ್ಲ, ಕೆರೆದ ಗುರುತಿಲ್ಲ. ಮೊದಲ ದಿನ ಯಮುನಾ ಮಗುವಿನ ಹಾಗೆ ಸಂತೋಷಪಟ್ಟಳು. ಕೆಂಪರಾಜ್ ಅವಳಿಗಿಂತ ಹೆಚ್ಚು ಸಂತೋಷಪಟ್ಟರು.

ಒಂದು ಪ್ರಯೋಗಶಾಲೆ ಮೂರಾಯಿತು. ಕೆಲಸ ಬಿಟ್ಟು ಹೋದ ಗಣಿತದ ಮೇಡಂ ಪುಟದಲ್ಲಿ ಪಾಠ ಮಾಡುತ್ತಲೇ ಉಳಿದರು. ಯಾವುದೋ ಊರಿನ ಯಾವುದೋ ಮೈದಾನದ ಫೋಟೋ ಶಾಲೆಯ ಆಟದ ಬಯಲಾಯಿತು. "ಸಾರ್, ಅಷ್ಟು ದೊಡ್ಡ ಬಯಲು ನಮ್ಗೆಲ್ಲಿದೆ?" ಅಂತ ಇವಳು ಕೇಳಿದರೆ, "ನಿನ್ನನ್ನೇನು ಅಳತೆ ಮಾಡೋಕೆ ಕೂರ್ಸಿದೀನಾ?" ಅಂದು ಅವರು ನಕ್ಕರು. ಯಮುನಾ ಟೈಪು ಮಾಡಿದಳು. ಸುಳ್ಳು ಅವರದು, ಬೆರಳು ಇವಳದು.

ಆ ವರ್ಷದ ಮೇ ತಿಂಗಳಲ್ಲಿ ಆಂಜನಮ್ಮ ಬಂದಳು. ಜೊತೆಯಲ್ಲಿ ಮೊಮ್ಮಗಳು ವೈಷ್ಣವಿ, ಐದು ತುಂಬಿದ ಮಗು. ಆಂಜನಮ್ಮ ಶಾಲೆಯ ಹಿಂದಿನ ಹಳೇ ಊರಿನವಳು. ಶಾಲೆ ನಿಂತಿರುವುದೇ ಆ ಊರವರು ರಾಗಿ ಬಡಿಯುತ್ತಿದ್ದ ಕಣದ ಮೇಲೆ. ಕಣ ಬಿಟ್ಟುಕೊಡಿ, ನಿಮ್ಮ ಒಂದೊಂದು ಮನೆಯ ಒಂದು ಮಗುವಿಗೆ ಪರೀಕ್ಷೆಯಿಲ್ಲದೆ ಸೀಟು ಕೊಡುತ್ತೇವೆ ಅಂತ ಅರಳಿಕಟ್ಟೆಯ ಮೇಲೆ ಕೂತು ಮಾತು ಕೊಟ್ಟವರು ಕೆಂಪರಾಜ್ ಅವರ ತಂದೆ. ಅವರಿದ್ದಷ್ಟು ದಿನ ಹಾಗೇ ನಡೆಯಿತು. ವೆಬ್‌ಸೈಟಿನ ಪ್ರವೇಶದ ಪುಟದಲ್ಲೂ ಆ ಮಾತು ಇಂಗ್ಲಿಷಿನಲ್ಲಿ ಒಂದು ಸಾಲಾಗಿ ಇತ್ತು. ಆಂಜನಮ್ಮ ಬ್ರೌಸಿಂಗ್ ಸೆಂಟರಿನಲ್ಲಿ ಅದನ್ನೇ ಪ್ರಿಂಟ್ ತೆಗೆಸಿ ತಂದಿದ್ದಳು.

"ಬಾ ಅತ್ತೆ, ಬಾ. ಕಾಫಿ ತರಿಸ್ಲಾ?" ಅಂದರು ಕೆಂಪರಾಜ್. ಊರ ವಾವೆಯಲ್ಲಿ ಅವಳು ಅವರಿಗೆ ಅತ್ತೆಯಾಗಬೇಕು.

"ಕಾಫಿ ಮನೇಲಿ ಕುಡ್ದೆ ಕಣಪ್ಪಾ. ಮಗೀಗೆ ಸೀಟ್ ಕೊಡು."

"ಆ ರೂಲ್ಸ್ ಹೋದ್ ವರ್ಷವೇ ಹೋಯ್ತಲ್ಲ ಅತ್ತೆ."

"ಹೋಗಿದ್ರೆ ಮೊನ್ನೆ ತೆಗ್ಸಿದ್ ಕಾಗ್ದದಲ್ಲಿ ಎಂಗ್ ಬಂತು?"

"ಆ ಅಂಗಡಿಯೋರು ಹಳೇದು ಕೊಡ್ತಾರೆ. ಎರಡ್ ನಿಮಿಷ ಕೂತ್ಕೋ, ನಮ್ ಕಂಪ್ಯೂಟರಲ್ಲೇ ತೋರಿಸ್ತೀನಿ."

ಅವಳನ್ನು ಬೆಂಚಿನ ಮೇಲೆ ಕೂರಿಸಿ, ಮಗುವಿನ ಕೆನ್ನೆ ಚಿವುಟಿ, ಒಳಗೆ ಬಂದು ಬಾಗಿಲು ಹಾಕಿದರು. ಕೀಲಿ ಕಿವಿಗೆ ಹೋಯಿತು, ಪರದೆಗೆ ಬಂತು.

"ಈ ಲೈನ್ ತೆಗಿ. 'ಸೀಟು ಉಳಿದರೆ ಪರಿಶೀಲಿಸಲಾಗುವುದು' ಅಂತ ಹಾಕು. ಬೇಗ. ಆ ಸೀಟೆಲ್ಲ ಅಪಾರ್ಟ್‌ಮೆಂಟ್‌ನೋರಿಗೆ ಅಂತ ಮಾತು ಕೊಟ್ಟಾಗಿದೆ."

ಬಾಗಿಲಿನಾಚೆ ಮುದುಕಿ ಮಗುವಿಗೆ, "ಸುಮ್ಕೆ ಕೂತ್ಕೊ, ಮಾವ ನೋಡ್ಕಂಬತ್ತಾನೆ" ಅನ್ನುವುದು ಕೇಳುತ್ತಿತ್ತು. ಯಮುನಾ ಪೆನ್ಸಿಲ್ ಒತ್ತಿದಳು. ಸಾಲು ಬಾಯಿ ಬಿಟ್ಟಿತು. ಹೇಳಿದ್ದನ್ನು ಇಂಗ್ಲಿಷಿನಲ್ಲಿ ಟೈಪು ಮಾಡಿದಳು.

ಆ ಪೆಟ್ಟಿಗೆಯ ಕೆಳಗೆ ಎರಡು ಬಟನ್ ಇರುತ್ತಿದ್ದವು. ಒಂದು ಸೇವ್, ಇನ್ನೊಂದು ಪಬ್ಲಿಷ್. ಸೇವ್ ಮಾತ್ರ ಒತ್ತಿದರೆ ಹೊಸ ಸಾಲು ಪಾಸ್‌ವರ್ಡ್ ಕೊಟ್ಟು ಒಳಗಿರುವವರಿಗಷ್ಟೇ ಕಾಣುತ್ತದೆ. ಹೊರಗಿನ ಲೋಕಕ್ಕೆಲ್ಲ ಹಳೆಯ ಸಾಲೇ. ಪಬ್ಲಿಷ್ ಒತ್ತಿದರೆ ಮಾತ್ರ ಲೋಕಕ್ಕೂ ಹೊಸದು. ಕೆಂಪರಾಜ್‌ಗೆ ಈ ವ್ಯತ್ಯಾಸ ಗೊತ್ತಿರಲಿಲ್ಲ. ಪರದೆಯಲ್ಲಿ ಬದಲಾಯಿತೋ, ಅವರ ಪಾಲಿಗೆ ಪ್ರಪಂಚದಲ್ಲೇ ಬದಲಾಯಿತು.

ಯಮುನಾ ಸೇವ್ ಒತ್ತಿ ಕೈ ತೆಗೆದಳು.

ಕೆಂಪರಾಜ್ ಆಂಜನಮ್ಮನನ್ನು ಕರೆದು ಪರದೆಯ ಮುಂದೆ ನಿಲ್ಲಿಸಿದರು. ಅವಳಿಗೆ ಓದು ಬಾರದು. "ನೀನ್ ಓದವ್ವ," ಅಂದಳು ಯಮುನಾಳಿಗೆ.

"ಈ ಪರದೆ ಮೇಲೆ, ಸೀಟು ಉಳಿದ್ರೆ ನೋಡ್ತೀವಿ ಅಂತಿದೆ ಅಜ್ಜಿ."

"ಕೇಳಿದ್ಯಾ ಅತ್ತೆ? ನಾನಾ ಹೇಳ್ತಿರೋದು? ಕಂಪ್ಯೂಟರ್ ಹೇಳ್ತೈತೆ."

ಮುದುಕಿ ಕಾಗದ ಮಡಚಿಕೊಂಡು ಹೊರಟಳು. ಕೆಂಪರಾಜ್ ಫೋನಿಗೆ ಅಂಟಿಕೊಂಡದ್ದು ನೋಡಿ ಯಮುನಾ ಗೇಟಿಗೆ ಓಡಿದಳು.

"ಅಜ್ಜಿ, ಈಗಿಂದೀಗ್ಲೇ ಅದೇ ಅಂಗಡಿಗೆ ಹೋಗಿ. ಅದೇ ಪುಟ ಮತ್ತೆ ತೆಗ್ಸಿ. ಮೂಲೇಲಿ ಇವತ್ತಿನ ತಾರೀಖು ಬೀಳುತ್ತೆ. ಒಂದಲ್ಲ, ಹತ್ತು ತೆಗ್ಸಿ."

"ನೀನೇ ತೆಗ್ದ್ ಹಾಕ್ದಲ್ಲವ್ವಾ!"

"ನಮ್ ರೂಮಲ್ಲಿ ಮಾತ್ರ ತೆಗ್ದಿದೀನಿ. ನನ್ ಹೆಸ್ರು ಎತ್ಬೇಡಿ."

ಮಾರನೆಯ ದಿನ ಬೆಳಗ್ಗೆ ಆಫೀಸಿನ ಮುಂದೆ ಅಪಾರ್ಟ್‌ಮೆಂಟಿನ ತಂದೆತಾಯಿಗಳು ಸಾಲಾಗಿ ಕೂತಿದ್ದಾಗ, ಊರಿನ ಹತ್ತು ಹೆಂಗಸರು ಒಳಗೆ ಬಂದರು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಕಾಗದ. ಎಲ್ಲದರ ಮೂಲೆಯಲ್ಲೂ ನಿನ್ನೆಯ ತಾರೀಖು, ಎಲ್ಲದರ ನಡುವೆ ಹಳೆಯ ಸಾಲು. ಕೆಂಪರಾಜ್ ಒಳಗೆ ನುಗ್ಗಿ, "ತೆಗ್ದಿಲ್ವಾ?" ಅಂತ ಹಲ್ಲು ಕಡಿದರು.

"ನಿಮ್ಮೆದುರಿಗೇ ತೆಗ್ದೆನಲ್ಲ ಸಾರ್, ನೋಡಿ."

ನೋಡಿದರು. ಪರದೆಯಲ್ಲಿ ಹೊಸ ಸಾಲೇ ಇತ್ತು. ಹೊರಗೆ ಹೋದರು. ಕಾಗದದಲ್ಲಿ ಹಳೆಯದೇ ಇತ್ತು. ಹೀಗೆ ಎರಡು ಸಲ ಓಡಾಡಿ ಬೆವತರು.

ಆಂಜನಮ್ಮನ ಪಕ್ಕದ ಮನೆಯ ಸಾಬಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೇಳಿದಳು: "ಅಲ್ಲ ಕಣಪ್ಪಾ, ನಿನ್ ಕಂಪ್ಯೂಟರ್ ಒಂದ್ ಹೇಳ್ತದೆ, ಲೋಕದ್ ಕಂಪ್ಯೂಟರ್ ಇನ್ನೊಂದ್ ಹೇಳ್ತದೆ. ನಿಮ್ಮಪ್ಪ ನಮ್ಮನ್ನ ಕಣ ಬಿಡಿಸ್ದಾಗ ಯಾವ್ ಕಂಪ್ಯೂಟರ್ ತಂದಿದ್ದ?"

ಕುರ್ಚಿಯಲ್ಲಿದ್ದವರೆಲ್ಲ ತಲೆಯೆತ್ತಿದರು. ಒಬ್ಬರು, "ಏನ್ರೀ, ವೆಬ್‌ಸೈಟಲ್ಲಿರೋದು ನಂಬಬಹುದಾ ಇಲ್ವಾ?" ಅಂದರು.

ಆಗ ಕೆಂಪರಾಜ್ ಮುಖದ ಮೇಲೆ ಒಂದು ನಗೆ ಹರಡಿತು ನೋಡಿ, ಕೊಳೆನೀರಿನ ಮೇಲೆ ಎಣ್ಣೆ ಹರಡಿದ ಹಾಗೆ. "ಅಯ್ಯೋ ಅತ್ತೆ, ತಮಾಷೆ ಮಾಡ್ದೆ. ನಿನ್ ಮೊಮ್ಮಗಳಿಗೆ ಸೀಟ್ ಇಲ್ಲ ಅಂತೀನಾ?" ಅಂದರು. ಅಲ್ಲೇ ಅರ್ಜಿ ತರಿಸಿ ಸಹಿ ಹಾಕಿದರು. ಹಾಕಿದವರು ಸುಮ್ಮನಾದರೇ? ಫೋಟೋದವನನ್ನು ಕರೆಸಿ, ಮಗುವನ್ನು ಎತ್ತಿಕೊಂಡು ಪಟ ತೆಗೆಸಿಕೊಂಡರು. ಮಗು ಮುಖ ಆಚೆ ತಿರುಗಿಸಿತು.

ಮಧ್ಯಾಹ್ನ ಯಮುನಾಳ ಹಿಂದೆ ಬಂದು ನಿಂತರು. "ಈ ಫೋಟೋ ಮೊದಲ್ನೇ ಪೇಜಿಗೆ ಹಾಕು. ಕೆಳಗೆ ಬರಿ: ಊರಿನ ಒಂದೊಂದು ಮನೆಯ ಒಂದು ಮಗುವಿಗೆ ಪರೀಕ್ಷೆಯಿಲ್ಲದೆ ಸೀಟು, ಇದು ನಮ್ಮ ಕಾರ್ಯದರ್ಶಿಗಳ ಕನಸು."

ನಿನ್ನೆ ತೆಗೆಸಿದ್ದ ಸಾಲೇ ಇವತ್ತು ಅವರ ಕನಸಾಗಿತ್ತು. ಯಮುನಾ ಬಾಯಿಗೆ ಸೆರಗು ಒತ್ತಿಕೊಂಡಳು. ಆದರೂ ಅಕ್ಷರ ಬಿಡದೆ ಟೈಪು ಮಾಡಿದಳು. ಪ್ರವೇಶದ ಪುಟದಲ್ಲಿ ತಾನೇ ಹಾಕಿದ್ದ ಹೊಸ ಸಾಲನ್ನು ಅಳಿಸಿ ಹಳೆಯದನ್ನು ಕೂರಿಸಿದಳು. ಎರಡಕ್ಕೂ ಪಬ್ಲಿಷ್ ಒತ್ತಿದಳು. ಪ್ರಿಂಟ್ ತೆಗೆದಳು, ಮೂಲೆಯ ತಾರೀಖು ನೋಡಿದಳು, ಗೇಟಿನಲ್ಲಿ ಕಾಯುತ್ತಿದ್ದ ಆಂಜನಮ್ಮನ ಹತ್ತಿರ ಹೋದಳು.

"ಇಟ್ಕೊಂಡಿರಿ ಅಜ್ಜಿ. ಮುಂದಿನ್ ವರ್ಷ ಬೇರೆ ಮನೆಯೋರ್ಗೂ ಬೇಕಾಗುತ್ತೆ. ಅವ್ರ ಫೋಟೋ ಸಮೇತ ಇದೆ, ಇಲ್ಲ ಅನ್ನೋಕಾಗಲ್ಲ."

ಆಂಜನಮ್ಮ ಕಾಗದ ನೋಡಿದಳು. ಓದು ಬಾರದಿದ್ದರೂ ಪಟ ಗೊತ್ತಾಗುತ್ತದಲ್ಲ. ಮೂಗು ಸೊಟ್ಟ ಮಾಡಿ ಹಿಂದಕ್ಕೆ ಚಾಚಿದಳು.

"ಆ ಮೂತಿ ಒಳಗ್ ಹೋಗಂಗೆ ಮಡ್ಚ್‌ಕೊಡವ್ವ. ಎಲೆಅಡ್ಕೆ ಚೀಲ್ದಲ್ ಇಟ್ಕಬೇಕು."