ಅಕ್ಕನ ಮುತ್ತು, ನನ್ನ ಕತ್ತು

ನನ್ನ ಸೊಸೆ ತನ್ನ ಮುತ್ತಿನ ಸರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬ್ಯಾಂಕಿನ ಲಾಕರಿನಲ್ಲಿ ಇಟ್ಟಿದ್ದಾಳೆ. ಭದ್ರವಾಗಿದೆಯಂತೆ. ಭದ್ರವಂತೆ ಭದ್ರ! ಚಿನ್ನವನ್ನು ಬೇಕಾದರೆ ಹೂತಿಡಲಿ, ಅದಕ್ಕೇನೂ ಆಗುವುದಿಲ್ಲ. ಮುತ್ತಿಗೆ ಮನುಷ್ಯರ ಮೈ ಬೇಕು, ಗಾಳಿ ಬೇಕು, ಇಲ್ಲದಿದ್ದರೆ ಕಳೆಗುಂದುತ್ತದೆ ಎಂದರೆ "ನೀವು ಸುಮ್ನಿರಿ ಅತ್ತೆ" ಎಂದು ನಗುತ್ತಾಳೆ. ಸುಮ್ಮನಿರುವುದು ನನ್ನ ಜಾಯಮಾನದಲ್ಲೇ ಇಲ್ಲ. ಆದರೆ ಮುತ್ತಿನ ಮಾತು ಬಂದರೆ ಮಾತ್ರ ಜಗಳವನ್ನು ಅರ್ಧಕ್ಕೇ ಬಿಟ್ಟು ಎದ್ದುಹೋಗುತ್ತೇನೆ. ಅವ್ವ ನೆನಪಾಗುತ್ತಾಳೆ.

ಆಗ ಕೊಡಗು ಬೇರೆಯೇ ರಾಜ್ಯ. ನಮ್ಮೂರಿನಿಂದ ಶನಿವಾರಸಂತೆಗೆ ನಡೆದೇ ಹೋಗುತ್ತಿದ್ದೆವು. ಸಂತೆಗೆ ಮೆಣಸಿನಕಾಯಿ ಹೊತ್ತು ಬರುತ್ತಿದ್ದ ಹಾಸನದ ಕಡೆಯವರು ಸರ್ಕಾರದ ಲೆಕ್ಕಕ್ಕೆ ಪರರಾಜ್ಯದವರು, ಮಾತಿಗೆ ನಮ್ಮವರೇ. ನಮ್ಮದು ಹೊಲ ಗದ್ದೆ ನಂಬಿದ ಮನೆ. ಇದ್ದ ಒಡವೆಯೆಲ್ಲ ಸೇರಿದರೂ ಒಂದು ಸಣ್ಣ ಮರದ ಪೆಟ್ಟಿಗೆ ತುಂಬುತ್ತಿರಲಿಲ್ಲ. ಅವುಗಳ ಮೇಲೆ ಅವ್ವನ ಕಾಯಿದೆಗಳು ಮಾತ್ರ ರಾಶಿ ರಾಶಿ. ಚಿನ್ನದ ಸರಕ್ಕೆ ಉಗುರುಬೆಚ್ಚಗಿನ ನೀರು, ಅಂಟುವಾಳದ ನೊರೆ. ಕೆಂಪಿನ ಓಲೆಗೆ ನೀರು ಸೋಕಬಾರದು, ಕಲ್ಲಿನ ಹಿಂದೆ ನೀರು ಕೂತರೆ ಕಪ್ಪಾಗಿಬಿಡುತ್ತದೆ. ಒಂದೊಂದನ್ನೂ ಬೇರೆ ಬೇರೆ ಬಟ್ಟೆಯಲ್ಲಿ ಸುತ್ತಿಡಬೇಕು, ಚಿನ್ನ ತಗುಲಿದರೆ ಮುತ್ತಿಗೆ ಗೀರು ಬೀಳುತ್ತದೆ.

ಮುತ್ತು ಎಂದರೆ ಎರಡೆಳೆಯ ಒಂದೇ ಒಂದು ಸರ. ಅವ್ವನಿಗೆ ಅವಳ ತಾಯಿ ಕೊಟ್ಟದ್ದು. ಅಕ್ಕನ ಮದುವೆಯಲ್ಲಿ ಅದನ್ನು ಅಕ್ಕನಿಗೆ ಹಾಕಿದರು. ಅಕ್ಕನನ್ನು ಕೊಟ್ಟದ್ದು ಅಮ್ಮತ್ತಿ ಕಡೆಗೆ. ಅವಳ ಅತ್ತೆ ಸರ ನೋಡಿದ್ದೇ ತಡ, ಚಪ್ಪರದಲ್ಲೇ ಮುಖ ಗಂಟಿಕ್ಕಿದರು.

"ನಮ್ ಮನೆಗೆ ಮುತ್ತು ಆಗಿಬರಲ್ಲ. ತೆಗ್ದಿಡಿ."

ಹಿಂದೆ ಯಾವಳೋ ಸೊಸೆ ಮುತ್ತು ಹಾಕಿಕೊಂಡು ಬಂದು ವರ್ಷದೊಳಗೇ ತೀರಿಕೊಂಡಿದ್ದಳಂತೆ. ಪಾಪ, ಮುತ್ತೇನು ಮಾಡೀತು! ಆದರೆ ಬೀಗರ ಎದುರು ಬಾಯಿ ಬಿಡುವವರು ಯಾರು? ಅವ್ವ ಅಕ್ಕನ ಕತ್ತಿನಿಂದ ಸರ ಬಿಚ್ಚಿ ಸೆರಗಿಗೆ ಕಟ್ಟಿಕೊಂಡಳು. "ಇಟ್ಟಿರ್ತೀನಿ ಕಣವ್ವ. ಯಾವತ್ತಿದ್ರೂ ನಿಂದೇ" ಎಂದಳು. ಅಕ್ಕ ಬರಿ ಕತ್ತಿನಲ್ಲಿ ಗಂಡನ ಮನೆಗೆ ಹೋದಳು.

ಇಟ್ಟರೆ ಸಾಕೇ? ಅದು ಹೊಳಪು ಉಳಿಸಿಕೊಂಡು ಅಕ್ಕನಿಗಾಗಿ ಕಾಯಬೇಕಲ್ಲ. ಅವ್ವ ತಾನೇ ಹಾಕಿಕೊಳ್ಳುವಂತಿರಲಿಲ್ಲ. ಅವಳ ಕತ್ತಿನಲ್ಲಿ ಯಾವಾಗಲೂ ಅರಿಶಿನ, ಒಲೆಯ ಹೊಗೆ, ಬೆವರು, ಎಲ್ಲವೂ ಮುತ್ತಿನ ಹೊಳಪಿಗೆ ಶತ್ರು. ಹಾಗಾಗಿ ಆ ಕೆಲಸ ನನ್ನ ಕತ್ತಿಗೆ ಬಿತ್ತು. ಪ್ರತಿ ಸೋಮವಾರ ಸ್ನಾನವಾದ ಮೇಲೆ ನಾನು ಜಡೆ ಮುಂದಕ್ಕೆ ಹಾಕಿಕೊಂಡು, ಅವ್ವನಿಗೆ ಬೆನ್ನು ಕೊಟ್ಟು ಮಣೆಯ ಮೇಲೆ ಕೂರಬೇಕು. ಆ ದಿನ ನನಗೆ ಎಣ್ಣೆ ಇಲ್ಲ, ಪೌಡರ್ ಇಲ್ಲ, ಅರಿಶಿನವಂತೂ ಇಲ್ಲವೇ ಇಲ್ಲ. ಉಪ್ಪಿನಕಾಯಿ ಜಾಡಿಯ ಹತ್ತಿರ ಸುಳಿದರೆ ಬೆನ್ನಿಗೆ ಗುದ್ದು. ಅವ್ವ ಸೀಗೆಪುಡಿ ಹಾಕಿ ಬೆರಳಿನ ಅರಿಶಿನವೆಲ್ಲ ಹೋಗುವವರೆಗೆ ಕೈ ತಿಕ್ಕಿ ತೊಳೆದು ಬಂದು ಸರ ಹಾಕುತ್ತಿದ್ದಳು. ಸಂಜೆ ಬಿಚ್ಚುವ ಮುಂಚೆ ಅಪ್ಪನ ಹಳೇ ಪಂಚೆಯ ಮೆತ್ತನೆಯ ತುಂಡಿನಿಂದ, ಕತ್ತಿನ ಮೇಲೇ, ಒಂದೊಂದೇ ಮುತ್ತನ್ನು ಒರೆಸುತ್ತಿದ್ದಳು. ದಾರ ಸಡಿಲವಾಗಿದೆಯೇ ಎಂದು ಮೆಲ್ಲಗೆ ಎಳೆದು ನೋಡುತ್ತಿದ್ದಳು.

"ನಾನೇನು ಗೂಟವಾ, ತೂಗಾಕಕ್ಕೆ?" ಎಂದು ಒಮ್ಮೆ ರೇಗಿದೆ.

"ಅಯ್ಯೋ ಶಿವನೇ, ಏನು ಬಾಯಿ ಇವಳ್ದು! ಅಲ್ಲಾಡಬ್ಯಾಡ, ಕೂತ್ಕೊ."

ಕೂತೆ. ರೇಗಿದ್ದು ಸುಳ್ಳುಸುಳ್ಳೇ. ಮನೆ ತುಂಬ ಮಕ್ಕಳಿದ್ದೆವು. ಅವ್ವನ ಕೈ ನಮ್ಮ ಮೇಲೆ ಬೀಳುತ್ತಿದ್ದದ್ದು ಹೇನು ತೆಗೆಯಲು, ಇಲ್ಲವೇ ಬಾರಿಸಲು. ಸೋಮವಾರ ಸಂಜೆ ಮಾತ್ರ ಆ ಕೈಗೆ ಅವಸರವಿರಲಿಲ್ಲ. ನನಗೆ ಮುತ್ತು ಬೇಕಿರಲಿಲ್ಲ, ಆ ಕೈ ಬೇಕಿತ್ತು. ಅದು ಒರೆಸುತ್ತಿದ್ದದ್ದು ಅಕ್ಕನ ಮುತ್ತನ್ನು ಎಂದು ನನಗೆ ಚೆನ್ನಾಗಿಯೇ ಗೊತ್ತಿತ್ತು. "ಅವಳಿಗೆ ಅಲ್ಲಿ ಚಳಿ ಆಯ್ತದೋ ಏನೋ" ಎಂದು ಅವ್ವ ನನ್ನ ಬೆನ್ನ ಹಿಂದೆ ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು. ಅಕ್ಕ ಬೇಗ ಬರದೇ ಇರಲಿ ಎಂದು ನಾನು ಅದೇ ಶಿವನಿಗೆ ಕೈ ಮುಗಿಯುತ್ತಿದ್ದೆ.

ಅಕ್ಕ ಬಂದೇ ಬಂದಳು. ಭಾವನಿಗೆ ಕುಟ್ಟದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸ ಸಿಕ್ಕಿತ್ತು. ಇರಲು ಮನೆಯನ್ನೂ ಕೊಟ್ಟಿದ್ದರು. "ಇನ್ಮೇಲೆ ನಂದೇ ಮನೆ ಕಣವ್ವ. ಅಲ್ಲಿ ನಮ್ಮತ್ತೆ ಕಾಯಿದೆ ನಡೆಯಲ್ಲ" ಎಂದು ಅಕ್ಕ ಬಾಗಿಲಲ್ಲೇ ನಕ್ಕಳು. ಅಂದು ಸೋಮವಾರ. ಸರ ನನ್ನ ಕತ್ತಿನಲ್ಲೇ ಇತ್ತು. ಅವ್ವ ಅದನ್ನು ಬಿಚ್ಚಿ ನೇರ ಅಕ್ಕನ ಕತ್ತಿಗೆ ಹಾಕಿದಳು.

"ಅರೆ, ಬೆಚ್ಚಗೆ ಅದಲ್ಲೇ!" ಎಂದಳು ಅಕ್ಕ.

ಮುತ್ತು ಒಂದಿಷ್ಟೂ ಮಂಕಾಗಿರಲಿಲ್ಲ. ಅವ್ವ ಅಕ್ಕನ ಮುಖ ನೋಡಿ ನೋಡಿ ಅತ್ತಳು. ನನಗೆ ಸಂತೋಷವಾಯಿತೇ ಎಂದು ಕೇಳಬೇಡಿ. ಹೊಟ್ಟೆ ಉರಿಯಿತು. ಅಕ್ಕನಿಗೆ ಹೊಟ್ಟೆ ತುಂಬ ಕಡುಬು ಬಡಿಸಿ, ಹಿತ್ತಲಿಗೆ ಹೋಗಿ ಅತ್ತುಬಂದೆ.

ಮುಂದಿನ ಸೋಮವಾರ. ಅಕ್ಕ ಹೊರಟುಹೋಗಿದ್ದಳು. ನಾನು ಸ್ನಾನ ಮಾಡಿ, ಅರಿಶಿನ ಹಚ್ಚದೆ, ಜಡೆ ಮುಂದಕ್ಕೆ ಹಾಕಿಕೊಂಡು ಮಣೆಯ ಮೇಲೆ ಕೂತುಬಿಟ್ಟಿದ್ದೆ. ಕೂತ ಮೇಲೆ ನೆನಪಾಯಿತು, ಇನ್ನು ಸರ ಇಲ್ಲ. ನಾಚಿಕೆಯಾಗಿ ಏಳಲು ಹೋದೆ. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ಅವ್ವ ನಿಂತಿದ್ದಳು. ಬೈಯುತ್ತಾಳೆ ಅಂದುಕೊಂಡೆ.

"ಕೂತ್ಕೊ" ಎಂದಳು.

ಗೂಟದಿಂದ ಅದೇ ಪಂಚೆಯ ತುಂಡನ್ನು ತೆಗೆದುಕೊಂಡು ಬಂದು ನನ್ನ ಹಿಂದೆ ಕೂತಳು. ಬರಿ ಕತ್ತನ್ನು ನಿಧಾನವಾಗಿ, ಒಂದೊಂದು ಮುತ್ತು ಇದ್ದ ಜಾಗವನ್ನೂ ಬಿಡದೆ ಒರೆಸಿದಳು.

ಅಂದು ಅವ್ವ ಕೈ ತೊಳೆದು ಬಂದಿರಲಿಲ್ಲ. ಅವಳು ಎದ್ದುಹೋದ ಮೇಲೆ ಮುಟ್ಟಿ ನೋಡಿಕೊಂಡರೆ ಕತ್ತಿನ ತುಂಬ ಅರಿಶಿನ. ಮಾರನೆಯ ದಿನ ಸ್ನಾನಕ್ಕೆ ಕರೆದರೆ ಜ್ವರ ಎಂದು ಸುಳ್ಳು ಹೇಳಿ ಮಲಗಿಬಿಟ್ಟೆ.