ಸೊಟ್ಟ ಹೆಬ್ಬೆಟ್ಟು

ಊರಿಂದ ಪರದೇಶಕ್ಕೆ ಮರಳುವಾಗ ವಿಮಾನ ನೆಲ ಮುಟ್ಟುವ ಮೊದಲೇ ಅಲ್ಲಿನ ಕಾಯಂ ನಿವಾಸಿ ಕಾರ್ಡನ್ನು ಜೇಬಿನಿಂದ ತೆಗೆದು ಅಂಗಿಗೆ ಒರೆಸಿಕೊಳ್ಳುವವರು ನಮ್ಮ ಕಾಯಂ ಮಾವ. "ನೀವು ಪ್ರವಾಸಿಗಳು, ಉದ್ದದ ಸಾಲು. ನಾನು ಇಪ್ಪತ್ತೆರಡು ವರ್ಷದಿಂದ ಇಲ್ಲಿಯವನು ಕಣ್ರೀ!" ಎಂದು ಪಕ್ಕದ ಸೀಟಿನವರೆದುರು ಮೀಸೆ ತಿರುವುತ್ತಾರೆ. ಆದರೆ ನಿವಾಸಿಗಳಿಗೆಂದೇ ಇರುವ ತಪಾಸಣೆ ಯಂತ್ರದ ಮೇಲೆ ಹೆಬ್ಬೆಟ್ಟನ್ನು ಪ್ರತಿಸಲವೂ ಬೇಕೆಂದೇ ಸೊಟ್ಟಗೆ ಒತ್ತುತ್ತಾರೆ. ಅದು ಕೆಂಪು ದೀಪ ತೋರಿಸಿ ಅವರನ್ನು ಅಧಿಕಾರಿಯ ಕಿಟಕಿಗೆ ಅಟ್ಟುತ್ತದೆ. ಅಲ್ಲಿ "ಎಲ್ಲಿಗೆ ಹೋಗಿದ್ರಿ? ಯಾಕೆ?" ಎಂದು ಕೇಳಿದ್ದೇ ತಡ, ಅಕ್ಕನ ಮಂಡಿನೋವಿನಿಂದ ಹಿಡಿದು ಅವಳ ಮೊಮ್ಮಗಳ ಬಿದ್ದ ಹಲ್ಲಿನವರೆಗೆ ಒಪ್ಪಿಸುತ್ತಾರೆ. ಇಡೀ ಊರಲ್ಲಿ ಅವರನ್ನು ಹಾಗೆ ಕೇಳುವವರು ಆ ಕಿಟಕಿಯಲ್ಲಿ ಮಾತ್ರ. ಮೊನ್ನೆ ಹೊಸ ಯಂತ್ರ ಸೊಟ್ಟ ಹೆಬ್ಬೆಟ್ಟನ್ನೂ ಗುರುತಿಸಿ ತಟ್ಟನೆ ಬಾಗಿಲು ತೆರೆಯಿತು. "ಮುಗೀತು, ಹೋಗಿ ಯಜಮಾನ್ರೇ," ಎಂದ ಕಾವಲುಗಾರ. ಮಾವ ಕದಲಲಿಲ್ಲ. "ಯಾಕೆ, ಯಾರೂ ಏನೂ ಕೇಳೋದಿಲ್ವಾ?"