ತೆಂಗಿನಗುಂಡಿಯ ಕಂಪ್ಯೂಟರ್ ತೆರೆದುಕೊಳ್ಳುವ ಹೊತ್ತಿಗೆ

ಮೂರು ವರ್ಷದ ಹಿಂದಿನ ಆಗಸ್ಟ್. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ದೋಣಿಗಳು ಆಗತಾನೇ ಕಡಲಿಗಿಳಿದಿದ್ದವು. ಹೊನ್ನಾವರದಲ್ಲಿ ನನ್ನದು ಕಂಪ್ಯೂಟರ್ ರಿಪೇರಿಯ ಅಂಗಡಿ. ಕುಮಟೆಯಿಂದ ಭಟ್ಕಳದವರೆಗೆ ಮನೆಮನೆಗೆ ಹೋಗಿ ಕೆಲಸ ಮಾಡುತ್ತೇನೆ. ಉಪ್ಪುಗಾಳಿಗೆ ತುಕ್ಕು ಹಿಡಿದ ಬೋರ್ಡು, ಇಲಿ ಕಡಿದ ವೈರು, ಇಂಥವೇ ನನ್ನ ದಿನಗಳು. ಒಂದು ಜೀವ ನನ್ನ ಕೈಯ ಕೆಲಸಕ್ಕೆ ಕಾದು ಕೂತಿರಬಹುದೆಂದು ಆವರೆಗೆ ನಾನು ಎಣಿಸಿಯೇ ಇರಲಿಲ್ಲ.

ಬುಧವಾರ ಮಧ್ಯಾಹ್ನ ಭಟ್ಕಳದ ಹತ್ತಿರದ ತೆಂಗಿನಗುಂಡಿ ಬಂದರಿನಿಂದ ನಾಗವೇಣಿ ಫೋನ್ ಮಾಡಿದಳು. ಅವಳ ಗಂಡ ಈಶ್ವರ ಸಣ್ಣ ಫೈಬರ್ ದೋಣಿಯವನು. ಅವರ ಮನೆಗೆ ಕಂಪ್ಯೂಟರ್ ಕೊಟ್ಟವನು ನಾನೇ. ಸೋಮವಾರ ನಸುಕಿನಲ್ಲಿ ಜೊತೆಗಾರ ಮಾದೇವನೊಡನೆ ಹೋದ ಈಶ್ವರ ತಿರುಗಿ ಬಂದಿರಲಿಲ್ಲ.

"ನಾಯ್ಕರೆ, ಅಂವ ಎಲ್ಲಿಗೆ ಹೋಗ್ತಿದ್ದ ಅನ್ನೂದು ಆ ಕಂಪ್ಯೂಟರಿನಲ್ಲಿ ಇದ್ದು. ತೆಗದ್ರೆ ಎಂತದೋ ಎರರ್ ಬತ್ತು. ಇಲ್ಲಿ ಒಬ್ರು ನೋಡಿ ಫಾರ್ಮ್ಯಾಟ್ ಹೊಡೀಬೇಕು ಅಂದ್ರು."

"ಫಾರ್ಮ್ಯಾಟ್ ಗೀರ್ಮ್ಯಾಟ್ ಅಂದವರನ್ನ ಮೊದ್ಲು ಹೊರಗೆ ಹಾಕಿ! ನಾನು ಬರೂವರೆಗೆ ಯಾರೂ ಅದನ್ನ ಮುಟ್ಟೂದು ಬೇಡ" ಎಂದು ಕೂಗಿ ಬೈಕ್ ಹತ್ತಿದೆ.

ಕಡಲಿನವರ ಒಂದು ರೀತಿಯನ್ನು ಇಲ್ಲಿ ಹೇಳಬೇಕು. ನೀರಿನಡಿಯಲ್ಲಿ ಬಂಡೆಗಳಿರುವ ಕಡೆ ಮೀನು ಸೇರುತ್ತದೆ. ಅಂಥ ಜಾಗವನ್ನು ಕಂಡುಹಿಡಿದವನು ಅದರ ಗುರುತನ್ನು ಕೈಯಲ್ಲಿ ಹಿಡಿಯುವ ಜಿಪಿಎಸ್ ಯಂತ್ರದಲ್ಲಿ ಉಳಿಸಿಕೊಳ್ಳುತ್ತಾನೆ. ಅದಕ್ಕೆ ಪಾಯಿಂಟ್ ಎನ್ನುತ್ತಾರೆ. ಒಡಹುಟ್ಟಿದವನಿಗೂ ಅದನ್ನು ಹೇಳುವುದಿಲ್ಲ. ದಡದಲ್ಲಿದ್ದವರಿಗೆ ತೆಂಕಿಗೆ ಎಂದು ಹೇಳಿ ಬಡಗಿಗೆ ಹೋಗುವುದು ಅಲ್ಲಿ ಸುಳ್ಳೆಂದು ಲೆಕ್ಕಕ್ಕೇ ಬರುವುದಿಲ್ಲ. ಹೊರಟವನನ್ನು ಎಲ್ಲಿಗೆ ಎಂದು ಕೇಳುವುದು ಅಪಶಕುನವಾದ್ದರಿಂದ ಮನೆಯವರೂ ಕೇಳುವುದಿಲ್ಲ. ಈಶ್ವರ ತೆಂಕಿಗೆ ಎಂದು ಹೇಳಿ ಹೋಗಿದ್ದ. ಮಂಗಳವಾರವಿಡೀ ಊರಿನ ದೋಣಿಗಳು ತೆಂಕಿನಲ್ಲೇ ಹುಡುಕಿದ್ದವು.

ಜಿಪಿಎಸ್ ಅವನ ಜೊತೆ ದೋಣಿಯಲ್ಲೇ ಇತ್ತು. ಹಿಂದೊಮ್ಮೆ ಒಂದು ಯಂತ್ರ ನೀರಿಗೆ ಬಿದ್ದು ಪಾಯಿಂಟುಗಳೆಲ್ಲ ಹೋಗಿದ್ದರಿಂದ ಅವನು ಅವುಗಳ ನಕಲನ್ನು ಮನೆಯ ಕಂಪ್ಯೂಟರಿನಲ್ಲಿ ಇಡುತ್ತಿದ್ದ.

ನಾನು ಹೋದಾಗ ಅಂಗಳದ ತುಂಬ ಜನ. ನಾಗವೇಣಿ ಕಂಪ್ಯೂಟರಿನ ಎದುರಿನ ಕುರ್ಚಿ ಬಿಟ್ಟು ಎದ್ದಳು. ಅವಳ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ವಿಂಡೋಸ್ ಸರಿಯಾಗಿಯೇ ತೆರೆದುಕೊಂಡಿತು. ಪಾಯಿಂಟುಗಳಿದ್ದ ನಕ್ಷೆಯ ಸಾಫ್ಟ್‌ವೇರ್ ಮಾತ್ರ 'ಸಿಸ್ಟಮ್ ಮಾಹಿತಿ ಸಿಗುತ್ತಿಲ್ಲ' ಎಂದು ತೋರಿಸಿ ಮುಚ್ಚಿಕೊಳ್ಳುತ್ತಿತ್ತು. ಅದರ ಲೈಸೆನ್ಸ್ ಆ ಒಂದೇ ಕಂಪ್ಯೂಟರಿಗೆ ಕಟ್ಟಿದ್ದು. ಪ್ರತಿ ಸಲ ಬೋರ್ಡಿನ ನಂಬರ್ ಕೇಳಿ, ತಾಳೆಯಾದರೆ ಮಾತ್ರ ತೆರೆಯುತ್ತದೆ. ಹಾರ್ಡ್ ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದರೂ ಪ್ರಯೋಜನವಿರಲಿಲ್ಲ.

ವಿಂಡೋಸಿನದೇ ಸಿಸ್ಟಮ್ ಇನ್ಫರ್ಮೇಶನ್ ತೆರೆದೆ. ಅದೂ ಖಾಲಿ. ಯಂತ್ರದ ವಿವರಗಳನ್ನೆಲ್ಲ ಒದಗಿಸುವುದು ಡಬ್ಲ್ಯುಎಮ್‌ಐ ಎಂಬ ಸರ್ವೀಸ್. ನೋಡಿದರೆ ಅದನ್ನು ಯಾರೋ ನಿಲ್ಲಿಸಿದ್ದರು.

"ಫಾಸ್ಟ್ ಆಗ್ತದೆ ಅಂತ ವಿಡಿಯೋ ನೋಡಿ ಹೋಗೂ ಹಿಂದಿನ ದಿನ ಅಂವನೇ ಎಂತದೋ ಬಂದ್ ಮಾಡಿದ್ದ" ಎಂದಳು ನಾಗವೇಣಿ.

ಆ ಸರ್ವೀಸನ್ನು ಚಾಲೂ ಮಾಡಿದೆ. ಎರರ್ ಹೋಗಲಿಲ್ಲ. ವಿವರಗಳು ಕೂಡಿರುವ ಕಣಜವೇ ಕೆಟ್ಟಿತ್ತು. ಕರೆಂಟು ಹೋಗಿ ಬಂದಾಗ ಹಾಗಾಗುವುದುಂಟು. ಅದನ್ನು ಅಳಿಸಿ ಹೊಸದಾಗಿ ಕಟ್ಟಬಹುದು, ಆದರೆ ಹಾಗೆ ಕಟ್ಟಿದ್ದನ್ನು ಲೈಸೆನ್ಸ್ ಒಪ್ಪದಿದ್ದರೆ ಮುಗಿದೇ ಹೋಯಿತು. ಇದ್ದದ್ದನ್ನೇ ರಿಪೇರಿ ಮಾಡುವ ಕಮಾಂಡ್ ಕೊಟ್ಟು ಕುಳಿತೆ. ಮಷಿನ್ ರೀಸ್ಟಾರ್ಟ್ ಮಾಡಿ ಮತ್ತೆ ನೋಡಿದಾಗ ಬೋರ್ಡು, ಪ್ರೊಸೆಸರು, ನಂಬರು ಎಲ್ಲ ಸಾಲಾಗಿ ಬಂದವು. ನಕ್ಷೆ ತೆರೆಯಿತು.

ಈ ಹಂಗಾಮಿನ ಗುರುತುಗಳೆಲ್ಲ ಬಡಗಿಗೆ, ದೂರದ ಆಳದಲ್ಲಿದ್ದವು. ಪ್ರತಿ ಸಲ ಒಂದೇ ಬಂಡೆಗೆ ಹೋಗಿದ್ದ.

"ದುರ್ಗಪ್ಪಣ್ಣ, ಬೇಗ ಬಾ, ಇಲ್ಲಿ ನೋಡು!" ಎಂದು ಕೂಗಿದೆ. ದುರ್ಗಪ್ಪ ಈಶ್ವರನ ಅಣ್ಣ, ಅವನಿಗೂ ಸ್ವಂತ ದೋಣಿಯಿದೆ. ಹೊಸ್ತಿಲವರೆಗೆ ಬಂದವನು ಮುಖ ತಿರುಗಿಸಿ ನಿಂತ.

"ತಮ್ಮನ ಪಾಯಿಂಟ್ ನಾನು ನೋಡೂಕೆ ಆಗ. ನೀವೇ ಬೇರೆ ದೋಣಿಯವರಿಗೆ ಜಾಗದ ನಂಬರ್ ಹೇಳಿ."

ನನಗೆ ಮೈಯೆಲ್ಲ ಉರಿಯಿತು. "ನಿನ್ನ ಮರ್ಯಾದೆಗಿಷ್ಟು ಬೆಂಕಿ ಹಾಕ! ತಮ್ಮ ನೀರಲ್ಲಿದ್ದ ಮಾರಾಯ!" ಎಂದೆ. ಅವನು ಅಳುತ್ತ ಬಂದು ನೋಡಿದ. ನೋಡಿದವನೇ ಬಂದರಿಗೆ ಓಡಿದ.

ಸಂಜೆ ಬೆಳಕಿರುವಾಗಲೇ ಆ ಬಂಡೆಯಿಂದ ಸ್ವಲ್ಪ ಆಚೆ ಮಗುಚಿದ ದೋಣಿ ಸಿಕ್ಕಿತು. ಮಾದೇವ ಅದರ ಹಗ್ಗವನ್ನು ಮೈಗೆ ಕಟ್ಟಿಕೊಂಡು ಜೀವ ಹಿಡಿದುಕೊಂಡಿದ್ದ. ಈಶ್ವರ ಇರಲಿಲ್ಲ. ದಡದಲ್ಲಿ ಮಾದೇವನ ಬಾಯಿಗೆ ಗಂಜಿ ಬಿಡುತ್ತಿದ್ದಾಗ ನಾಗವೇಣಿ ಕೇಳಿದ್ದು ಒಂದೇ ಮಾತು: "ಯಾವಾಗ?"

"ಇವತ್ತು ಬೆಳಿಗ್ಗೆ ಅತ್ಗೆ. ಬಿಸಿಲು ಏರೂವರೆಗೂ ಮಾತಾಡ್ತಿದ್ದ."

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ದಡಕ್ಕೆ ಎಳೆದಿಟ್ಟ ದೋಣಿಗಳ ಮರೆಗೆ ಹೋಗಿ ಅತ್ತುಬಿಟ್ಟೆ. ಹೆಣ ಆಮೇಲೂ ಸಿಗಲಿಲ್ಲ.

ಕಾರ್ಯ ಮುಗಿದ ಮೇಲೆ ದೋಣಿಯವರು ಒಬ್ಬೊಬ್ಬರೇ ನನ್ನ ಅಂಗಡಿಗೆ ಬರತೊಡಗಿದರು. ಈಶ್ವರನ ಪಾಯಿಂಟಿನ ಕಾಪಿ ನನ್ನಲ್ಲಿ ಇದೆಯೇ ಎಂದು ಪಿಸುಗುಡುವರು. ಎಲ್ಲರಿಗೂ ಉಗಿದು ಕಳಿಸಿದೆ. ಕೊನೆಗೆ ನಾಗವೇಣಿಯೇ ಆ ಕಂಪ್ಯೂಟರನ್ನು ರಿಕ್ಷಾದಲ್ಲಿ ಹಾಕಿಕೊಂಡು ಬಂದಳು.

"ಬಂದರಿನ ಎಲ್ಲ ದೋಣಿಗೂ ಇದ್ರೊಳಗಿನ ಪಾಯಿಂಟ್ ಹಾಕಿಕೊಡಿ."

"ತಂಗೀ, ನಿಂಗೆ ಅಂತ ಅಂವ ಬಿಟ್ಟು ಹೋದ ಆಸ್ತಿ ಇದೊಂದೇ ಅಲ್ದನೇ?"

"ಆಸ್ತಿ ಅಂತ ಬಚ್ಚಿಟ್ಟದ್ದಕ್ಕೇ ಅಲ್ಲಿ ಎರಡು ದಿನ ಕಾದದ್ದು ಅಂವ. ನಂಗೆ ಬೇಡ."

ನಾನು ಹಾಕಿಕೊಟ್ಟೆ.

ಈಗ ಯಾರ ಮನೆಗೆ ಹೋದರೂ ಕೆಲಸ ಮುಗಿಸಿ ಒಂದು ಪ್ರಶ್ನೆ ಕೇಳುತ್ತೇನೆ: ನೀವಿಲ್ಲದಾಗ ಇದನ್ನು ತೆರೆಯಬಲ್ಲವರು ಈ ಮನೆಯಲ್ಲಿ ಯಾರಿದ್ದಾರೆ? ಕೆಲವರಿಗೆ ಸಿಟ್ಟು ಬರುತ್ತದೆ, ಕೆಲವರು ನಗುತ್ತಾರೆ. ಕೇಳುವುದನ್ನು ಮಾತ್ರ ನಾನು ಬಿಟ್ಟಿಲ್ಲ. ಕೆಟ್ಟ ಯಂತ್ರವನ್ನು ಸರಿಮಾಡುವುದು ನನಗೆ ಗೊತ್ತು. ಆದರೆ ಅದು ಸರಿಯಾಗುವವರೆಗೆ ಅದಕ್ಕೆ ಕಾದು ಕೂತ ಮನುಷ್ಯ ಉಳಿದಿರಬೇಕಲ್ಲ.